ಹೋಲ್ಡಾನ್

ಇಪ್ಪತ್ತೊಂಬತ್ತು ವರ್ಷ ಚಿಲ್ಲರೆ ಎಣಿಸಿದ ಬೆರಳು ಇವು.
ಹರಿದು ಅಂಟಿಸಿದ ನೋಟನ್ನು ನಾಲ್ಕು ಮಡಿಕೆ ಮಾಡಿ ಕೊಟ್ಟರೂ
ಕತ್ತಲಲ್ಲೇ ಹಿಡಿಯುತ್ತಿದ್ದವು.
ಮೆಜೆಸ್ಟಿಕ್‌ನಲ್ಲಿ ಹತ್ತಿದವನು
ಕಿಟಕಿಯಾಚೆ ಏನನ್ನೋ ಬಹಳ ಆಸಕ್ತಿಯಿಂದ ನೋಡತೊಡಗಿದರೆ
ಟಿಕೆಟ್ ತಗೊಂಡಿಲ್ಲ ಅಂತಲೇ ಲೆಕ್ಕ.

ಅಂಥ ನಾನು
ಲಗ್ಗೆರೆಯ ಎರಡನೇ ಮಹಡಿಯಲ್ಲಿ
ಬುಧವಾರ ಬೆಳಗ್ಗೆ ಹತ್ತೂವರೆಯಿಂದ ಗುರುವಾರ ಮಧ್ಯಾಹ್ನದವರೆಗೆ
ಫೋನಿನ ಮುಂದೆ ಕೂತಿದ್ದೆ,
ಬಚ್ಚಲಿಗೆ ಹೋಗಲೂ ಅಪ್ಪಣೆ ಕೇಳಿಕೊಂಡು.

ನಿನ್ನ ಹೆಸರಲ್ಲಿ ಪಾರ್ಸೆಲ್ ಸಿಕ್ಕಿದೆ, ಅಂದ.
ಒಳಗೆ ಏನಿದೆ ಗೊತ್ತಾ, ಅಂದ.
ಆಧಾರ್‌ನ ಕೊನೆಯ ನಾಲ್ಕು ಅಂಕಿ
ಕಣಿ ಹೇಳುವವನ ಹಾಗೆ ಸರಿಯಾಗಿ ಹೇಳಿದ.
ಇದು ಡಿಜಿಟಲ್ ಅರೆಸ್ಟ್.
ಫೋನ್ ಇಟ್ಟರೆ ಜೀಪು ಬರುತ್ತೆ, ಯಾರ ಹತ್ತಿರವೂ ಬಾಯಿ ಬಿಡಬೇಡ.
ಖಾಕಿ ಹಾಕಿದ್ದ.
ನಾನೂ ಖಾಕಿ ಹಾಕಿದವಳೇ.
ಹೆಸರಿನ ಪಟ್ಟಿ ಇಲ್ಲದೆ ಡ್ಯೂಟಿಗೆ ಬಂದರೆ
ನಮ್ಮ ಡಿಪೋದಲ್ಲಿ ಮೆಮೊ.
ಅವನ ಎದೆ ಬೋಳು.
ಕಣ್ಣು ಕಂಡಿತ್ತು, ಭಯ ಅದನ್ನು ಹೇಳಗೊಡಲಿಲ್ಲ.

ಮೂರು ಲಕ್ಷ ನಲವತ್ತು ಸಾವಿರ.
ಗ್ರ್ಯಾಚುಟಿಯಲ್ಲಿ ಉಳಿದದ್ದು.
ಪರಿಶೀಲನೆ ಮುಗಿದ ಮೇಲೆ ವಾಪಸ್, ಅಂದ.
ಮೂರು ರೂಪಾಯಿ ಚಿಲ್ಲರೆ ಬಾಕಿಯಿದ್ದರೂ
ಟಿಕೆಟಿನ ಬೆನ್ನಿಗೆ ಬರೆದುಕೊಡುತ್ತಿದ್ದವಳು,
ಅವನಿಂದ ಅಷ್ಟೂ ಬರೆಸಿಕೊಳ್ಳಲಿಲ್ಲ.

ಕೆಳಮನೆಯ ತಸ್ಕೀನ್ ಕರಿಬೇವು ಕೇಳಲು ಬಂದಳು.
ಬಾಗಿಲು ತೆರೆಯದ್ದಕ್ಕೆ ಕಿಟಕಿಯಲ್ಲಿ ಇಣುಕಿದಳು,
ಚಿಲಕಕ್ಕೆ ಕೈ ಹಾಕಿ ಒಳಗೇ ಬಂದಳು.
ಏನು ಎತ್ತ ಕೇಳಲಿಲ್ಲ.
ನನ್ನ ಫೋನನ್ನು ದೋಸೆಯ ಹಾಗೆ ಮಗುಚಿ ಹಾಕಿ
ತನ್ನದರಲ್ಲಿ ಒಂದು ಒಂಬತ್ತು ಮೂರು ಸೊನ್ನೆ ಒತ್ತಿದಳು.
ಕಳಿಸಿ ಎಷ್ಟು ಹೊತ್ತಾಯ್ತಮ್ಮ?
ಆಚೆಯ ಹುಡುಗಿಯ ಮೊದಲ ಪ್ರಶ್ನೆ ಅದು,
ಎಷ್ಟು ದುಡ್ಡು ಅನ್ನುವುದು ಆಮೇಲೆ.
ಬೇಗ ಹೇಳಿದ್ದಕ್ಕೆ
ಒಂದು ಲಕ್ಷ ಹತ್ತು ಸಾವಿರ ಯಾವುದೋ ಬ್ಯಾಂಕಿನಲ್ಲಿ ಸಿಕ್ಕಿಕೊಂಡಿತು.
ಮಿಕ್ಕದ್ದು ಯಾವ ಸ್ಟಾಪಿನಲ್ಲಿ ಇಳಿಯಿತೋ.

ಸ್ಟೇಷನ್ನಿನ ಬೆಂಚಿನ ಮೇಲೆ ನನ್ನ ಪಕ್ಕ ಒಬ್ಬ ಡಾಕ್ಟರು,
ಅವರಾಚೆ ಟೈ ಕಟ್ಟಿದ ಹುಡುಗ,
ಮದುವೆಗೆ ಕೂಡಿಟ್ಟದ್ದಂತೆ.
ಎಲ್ಲರೂ ಕಿಟಕಿಯಾಚೆ ನೋಡುತ್ತಿದ್ದೆವು
ಬಹಳ ಆಸಕ್ತಿಯಿಂದ,
ಟಿಕೆಟ್ ತಗೊಳ್ಳದವರ ಹಾಗೆ.
ಟಿಕೆಟ್ ಇಲ್ಲದವನು ಬೇರೆಲ್ಲೋ ಆರಾಮಾಗಿ ಕೂತಿದ್ದ.

ಮೊನ್ನೆ ಯಶವಂತಪುರದ ಬಸ್ಸಿನಲ್ಲಿ
ಮುಂದಿನ ಸೀಟಿನ ಹೆಂಗಸು
ಸೆರಗನ್ನು ಬಾಯಿಗೆ ಅಡ್ಡ ಹಿಡಿದು, ಫೋನಿನಲ್ಲಿ,
ಹೂಂ ಸಾರ್. ಯಾರಿಗೂ ಹೇಳಲ್ಲ ಸಾರ್.
ಈಗ ಬಂತು ಸಾರ್ ನಂಬರು. ಆರು... ಎರಡು...

ನಿವೃತ್ತಿಯಾಗಿ ಮೂರು ವರ್ಷ.
ಚೀಲ, ಬಿಲ್ಲೆ, ಸೀಟಿ ಎಲ್ಲ ಡಿಪೋಗೆ ಒಪ್ಪಿಸಿ ಸಹಿ ಹಾಕಿದ್ದೇನೆ.
ಗಂಟಲು ಒಪ್ಪಿಸಿರಲಿಲ್ಲ.

ಹೋಲ್ಡಾನ್!

ಡ್ರೈವರು ಬ್ರೇಕ್ ತುಳಿದ.
ನಿಂತವರೆಲ್ಲ ಒಬ್ಬರ ಮೇಲೊಬ್ಬರು ವಾಲಿ ಬೈದರು.
ಮೂರನೇ ಅಂಕಿ
ಅವಳ ಬಾಯಲ್ಲೇ ನಿಂತಿತು.