ಮೂರು ಮೀಟರ್ ಹೆಚ್ಚಿಗೆ

ವೂಚ್ ಅಂದರೆ ದೋಣಿ.
ದೋಣಿಯೆಂಬ ಊರಲ್ಲಿ ಹುಡುಕಿದರೂ ಹೊಳೆ ಸಿಗದು.
ಗಿರಣಿ ಕಟ್ಟಿದವರು ಹೊಳೆಗಳನ್ನು ಕೊಳವೆಗೆ ತುರುಕಿ
ಮೇಲೆ ರಸ್ತೆ ಹಾಸಿದರಂತೆ.
"ಮುಚ್ಚಿಡುವುದು ಈ ಊರಿಗೆ ಹಳೆಯ ಚಾಳಿ"
ಎಂದಳು ಬೊಗ್ನಾ,
ನನ್ನ ಹೊಸ ಬಿಳಿ ಕಪಾಟಿನ ಬೆನ್ನಿಗೆ
ಡ್ರಿಲ್ಲು ಒತ್ತುತ್ತ.

ನಾನು ಕಿರುಚಿದೆ.
ನಾನು ಜೋಡಿಸುವವನು. ಹನ್ನೆರಡು ವರ್ಷದಿಂದ
ಮೇಜು, ಅಡ್ಡಗೋಡೆ, ಗಾಲಿಯ ಡ್ರಾಯರು,
ಒಂದರ ಹಲ್ಲು ಇನ್ನೊಂದರ ಗುಳಿಗೆ,
ಎಲ್ಲಕ್ಕೂ ಆರು ಮೂಲೆಯ ಒಂದೇ ಕೀಲಿ.
ತೂತು ಕೊರೆಯುವುದು ನಮ್ಮ ಕ್ಯಾಟಲಾಗಿನಲ್ಲಿಲ್ಲ.
ಮಾಲೀಕರ ಚೀಟಿಯಲ್ಲಿ ಇದ್ದದ್ದು ಒಂದೇ ಸಾಲು:
ಒಂದು ತಂತಿಯೂ ಕಣ್ಣಿಗೆ ಬೀಳಕೂಡದು.
ಸ್ವಿಚ್ಚು, ರೂಟರು, ಬ್ಯಾಟರಿಪೆಟ್ಟಿಗೆ
ಎಲ್ಲ ಕಿಟಕಿಯಡಿಯ ಗಿಡ್ಡ ಕಪಾಟಿನೊಳಗೆ,
ಅದರ ಮೇಲೆ ಮೆತ್ತೆ,
ಮೆತ್ತೆಯ ಮೇಲೆ ಕೂತು ಜನ ಕಾಫಿ ಕುಡಿಯಬೇಕು.

ಪರೀಕ್ಷೆಗೆಂದು ಒಂದು ತಾಸು ಓಡಿಸಿದ್ದಳು.
"ಬಾಯಿ ಮೂಗು ಬಿಗಿದು ಕೂಡಿಸಿದರೆ
ಯಾವ ಜೀವ ಉಳಿದೀತು? ಕೈ ಇಡು ಇಲ್ಲಿ."
ಇಟ್ಟೆ.
ಜ್ವರ ಬಂದ ಮಗುವಿನ ಹಣೆ.
ತೆಪ್ಪಗೆ ನಾನೇ ಬಾಗಿಲ ತಿರುಪು ಬಿಚ್ಚಿದೆ,
ಜಾಲರಿಯ ಬಾಗಿಲು ತರಲು ವ್ಯಾನಿಗಿಳಿದೆ.

ನಡುವಿನ ಮೇಜುಗಳದ್ದು ಬೇರೆ ಪೀಕಲಾಟ.
ಇಪ್ಪತ್ತನಾಲ್ಕು ಕೇಬಲ್ಲು ಗೋಡೆ ಬಿಟ್ಟು
ಹನ್ನೊಂದು ಹೆಜ್ಜೆ ಬಯಲು ದಾಟಬೇಕು.
ಮೇಲೆ ಇಟ್ಟಿಗೆಯ ಕಮಾನು, ಮೊಳೆ ಹೊಡೆದರೆ ದಂಡ.
ನೆಲಹಾಸು ಸುರುಳಿ ಸುತ್ತಿ ನೋಡಿದೆವು:
ಎಣ್ಣೆ ಕುಡಿದು ಕಪ್ಪಾದ ಹಲಗೆ,
ಹಲಗೆಯಲ್ಲಿ ನಾಲ್ಕು ನಾಲ್ಕು ತೂತಿನ ಗುಂಪು,
ಅಳತೆ ತಪ್ಪದೆ, ಸಾಲಾಗಿ, ಆ ತುದಿಯವರೆಗೆ.
ಬೊಗ್ನಾ ಮಂಡಿಯೂರಿ
ಒಂದರೊಳಗೆ ಹೆಬ್ಬೆರಳು ಇಳಿಸಿದಳು.

"ಮಗ್ಗದ ಕಾಲು."

ಅವಳ ಅಜ್ಜಿ ಗೆನೊವೆಫಾ
ಇಂಥದೇ ಒಂದು ಮಹಡಿಯಲ್ಲಿ ಇಪ್ಪತ್ತೊಂಬತ್ತು ವರ್ಷ
ನಾಲ್ಕು ಮಗ್ಗ ಕಾದವಳು, ಕಿವಿ ಅಲ್ಲೇ ಬಿಟ್ಟು ಬಂದವಳು.
ಮನೆಯಲ್ಲಿ ಅವಳೊಡನೆ ಬರೀ ತುಟಿಯ ಮಾತು,
ಗುಟ್ಟು ಆಡಲು ಬೆನ್ನು ತಿರುಗಿಸಿದರೆ ಆಯಿತು.
ಆದರೂ ಲಾಳಿಯಲ್ಲಿ ನೂಲು ಕಡಿದರೆ
ಅಂಗಾಲಿಗೆ ತಿಳಿಯುತ್ತಿತ್ತಂತೆ:
ನೆಲದ ನಡುಕ ಬೇರೆ ಆಗುತ್ತಿತ್ತಂತೆ.
ಇದನ್ನು ಹೇಳುವಾಗ ಬೊಗ್ನಾ ನನ್ನತ್ತ ನೋಡಲಿಲ್ಲ,
ಟಾರ್ಚು ಹಲ್ಲಲ್ಲಿ ಕಚ್ಚಿ ಹಲಗೆಯಡಿ ಇಣುಕುತ್ತಿದ್ದಳು,
ಅರ್ಧ ಮಾತು ನನಗೆ ತಿಳಿಯಲೂ ಇಲ್ಲ.

ಆ ತೂತುಗಳಲ್ಲೇ ಇಳಿಸಿದೆವು, ತೂತಿಗೆ ಎರಡರಂತೆ.
ನನ್ನ ಮೇಜಿನ ಕಾಲು ಟೊಳ್ಳು, ಅದಕ್ಕೆಂದೇ ಟೊಳ್ಳು,
ಆದರೆ ನಕ್ಷೆಯ ಜಾಗ ನಾಲ್ಕು ಬೆರಳು ಆಚೆ.
ನೂರು ವರ್ಷದ ತೂತು ಸರಿಯಲೊಲ್ಲದು.
ಎರಡು ಸಾಲು ಮೇಜು ನಾನೇ ಸರಿಸಿದೆ.
ವಾಸ್ತುಶಿಲ್ಪಿ ಟೇಪು ಹಿಡಿದು ಬಂದಾನೇನು!

ಪ್ರತಿ ಕಾಲಿನ ಬುಡದಲ್ಲಿ ಅವಳು
ಮೂರು ಮೀಟರ್ ಹೆಚ್ಚಿಗೆ ಸುತ್ತಿಟ್ಟಳು.
"ಇಷ್ಟೊಂದು ದಂಡ ಯಾಕೆ?"
"ಇವರು ಆರು ತಿಂಗಳಿಗೊಮ್ಮೆ ಮೇಜು ಎಳೆದಾಡುತ್ತಾರೆ.
ಬೆಳೆಯುವ ಹುಡುಗಿಯ ಲಂಗಕ್ಕೆ
ಒಳಮಡಿಕೆ ಬಿಡುವುದಿಲ್ಲವೇ?"
ಎಲ್ಲ ನೀಲಿ; ನಡುವೆ ಒಂದೇ ಒಂದು ಹಳದಿ.
ಹಳದಿ ಯಾವುದರ ಗುರುತು ಎಂದೆ.
ನೀಲಿ ತೀರಿತು ಎಂದಳು.

ಐದಕ್ಕೆ ಕಿಟಕಿ ಬೂದಿಯಾಯಿತು.
ಜಾಲರಿಯ ಹಿಂದೆ ಹಸಿರು ದೀಪ ಮಿಟುಕತೊಡಗಿದವು,
ಕಪಾಟಿನ ಬೆನ್ನ ತೂತು ಬೆಚ್ಚಗೆ ಉಸಿರು ಬಿಡುತ್ತಿತ್ತು.
ಬೊಗ್ನಾ ಒಂದು ಬೂಟು ಕಳಚಿ, ಕಾಲುಚೀಲ ಕಳಚಿ,
ಹಲಗೆಯ ಮೇಲೆ ಬರಿಗಾಲು ಊರಿದಳು.
ಏನಾದರೂ ತಿಳಿಯುತ್ತದೆಯೇ ಎಂದೆ.
ಕಣ್ಣು ಮುಚ್ಚಿಯೇ ಬೆರಳೆತ್ತಿದಳು, ತಡೆ ಎನ್ನುವಂತೆ.

"ಟ್ರ್ಯಾಮು," ಎಂದಳು ಕಡೆಗೆ. "ತಿರುವಿನಲ್ಲಿ."

ಅವಳು ಲೇಸು ಕಟ್ಟಿಕೊಳ್ಳುವಷ್ಟರಲ್ಲಿ
ನಾನು ನೆಲಹಾಸು ಹಾಸಿ ಮುಗಿಸಿದ್ದೆ.
ಬಿಲ್ಲಿನಲ್ಲಿ ಜಾಲರಿಯ ಬಾಗಿಲು ಬರೆದೆ,
ತೂತು ಬರೆಯಲಿಲ್ಲ.