ಸೀಮೆಸುಣ್ಣದ ಲೆಕ್ಕ

ಪ್ಯಾಂಟಿನ ಅಳತೆ ನನಗೆ ಕಣ್ಣಾಗೇ ಸಿಗತೈತೆ.
ನಡ ಮೂವತ್ತೆರಡು, ಉದ್ದ ನಲವತ್ತು,
ಎದುರಿಗೆ ನಿಂತವನು ಹೊಟ್ಟೆ ಒಳಗೆಳಕೊಂಡಾನೋ ಬಿಟ್ಟಾನೋ
ಅದೂ ಗೊತ್ತಾಗತೈತೆ.
ನನ್ನ ಅಳತೆ ಮಾತ್ರ
ಇಪ್ಪತ್ತು ವರ್ಷ ಯಾವ ಟೇಪಿಗೂ ಸಿಕ್ಕಿರಲಿಲ್ಲ.
ಕೇಳಿದವರಿಗೆಲ್ಲ "ಸ್ವಲ್ಪ" ಅಂತಿದ್ದೆ.
ಮಾಲೀಕನಿಗೆ ಸ್ವಲ್ಪ, ತಾಯಮ್ಮನಿಗೆ ಸ್ವಲ್ಪ,
ಕನ್ನಡಿಗೆ ಇನ್ನೂ ಸ್ವಲ್ಪ.

ಆವತ್ತು ನಲವತ್ತು ಪದರ ಡೆನಿಮ್ಮು
ಒಂದರ ಮೇಲೊಂದು ಹಾಸಿ
ಕಟಿಂಗ್ ಮಿಷಿನ್ನು ನೂಕುವಾಗ
ಕೈ ಒಂದು ಕೂದಲೆಳೆ ನಡುಗಿತು.
ನಲವತ್ತು ಎಡಗಾಲು ಒಂದೇ ಏಟಿಗೆ ಹಾಳು.

ಮಾಲೀಕ ಬೈಯಲಿಲ್ಲ.
ಬೈದಿದ್ದರೆ ಸರ್ಕಲ್ಲಿನ ಅಂಗಡಿಗೆ ಹೋಗಾಕೆ
ನೆಪ ಒಂದಾದರೂ ಇರ್ತಿತ್ತು.
ಗುಂಡಿ ಹಚ್ಚೋ ಖಾಜಾಬೀ ಬಂದು
ಎಡಗಾಲೆಲ್ಲ ಎಣಿಸಿ ಗಂಟು ಕಟ್ಟಿ
"ಸಣ್ಣ ಹುಡುಗರಿಗೆ ಚಡ್ಡಿ ಆಗ್ತಾವೆ ಬಿಡ್ರಿ ಮಾಸ್ಟ್ರೇ" ಅಂದಳು.
ಆಮೇಲೆ ಮೆಲ್ಲಗೆ,
"ನಮ್ಮನೆಯವರು ಹೋಗ್ತಿದ್ರಲ್ಲ, ದೊಡ್ಡಾಸ್ಪತ್ರೆ.
ಹದಿನಾಲ್ಕನೇ ನಂಬರು ರೂಮು."

ರೂಮಿನ ಹೊರಗೆ ಬೆಂಚು.
ಬೆಂಚಿನ ತುಂಬ ನನ್ನಂಥವರೇ,
ಯಾರೋ ಪೇಷಂಟನ್ನ ನೋಡಾಕೆ ಬಂದವರ ಹಂಗೆ ಕುಂತಿದ್ದರು.
ನಾನೂ ಹಂಗೇ ಕುಂತೆ.

ಒಳಗೆ ನಾಗವೇಣಿ ಮೇಡಂ, ನನ್ನ ಮಗಳ ವಯಸ್ಸು.
ಎಷ್ಟು ಕುಡೀತೀರಿ ಅಂದರು. ಸ್ವಲ್ಪ ಅಂದೆ.
ನಗಲಿಲ್ಲ, ಬರೆದುಕೊಳ್ಳಲೂ ಇಲ್ಲ.
ಡ್ರಾ ಎಳೆದು ತೊಂಬತ್ತರ ಖಾಲಿ ಪಾಕೀಟು ಒಂದನ್ನ
ಮೇಜಿನ ಮೇಲೆ ಇಟ್ಟು,
"ಇಂಥವು ಎಷ್ಟು?"
ಐದು ಅಂದೆ.
ಗೋಡೆ ಕಡೆ ನೋಡಿ, ಏಳು ಅಂದೆ.

ಕತ್ತರಿಸಬ್ಯಾಡ್ರಿ ಅಂದರು ಡಾಕ್ಟರು,
ಒಮ್ಮೆಗೇ ಬಿಟ್ಟರೆ ಮೈ ಸೆಟೆದು ಫಿಟ್ಸ್ ಬಂದೀತು.
ನಾವು ಹೇಳಿದಂಗೆ ಇಳಿಸ್ರಿ, ವಾರಕ್ಕೊಮ್ಮೆ ಬಂದು ತೋರಿಸ್ರಿ.
ಹುಟ್ಟಿದಾಗಿಂದ ಕತ್ತರಿಸಿಯೇ ಉಂಡ ಕೈಗೆ
ಹೊಲಿಗೆ ಬಿಚ್ಚೋ ಕೆಲಸ ಕೊಟ್ಟರು,
ಬಟ್ಟೆ ಹರೀಬಾರದು.

ತಾಯಮ್ಮ ಅಕ್ಷರ ಓದಲ್ಲ, ಗೆರೆ ಓದ್ತಾಳೆ.
ಅದಕ್ಕೇ ಬಾಗಿಲ ಹಿಂದೆ, ನನ್ನದೇ ಸೀಮೆಸುಣ್ಣದಲ್ಲಿ,
ಪಾಕೀಟಿಗೊಂದು ಗೆರೆ.
ಏಳು. ಏಳು. ಆರು. ಆರು.
ಪಗಾರ ಖಾಜಾಬೀಯ ಗುಂಡಿ ಡಬ್ಬಿಯಾಗೆ,
ಹಿತ್ತಾಳೆ ಗುಂಡಿಗಳ ಅಡಿಗೆ,
ಕೇಳಿದರೆ ಡಬ್ಬಿ ಅಲ್ಲಾಡಿಸಿ ತೋರಿಸ್ತಾಳೆ, ಮುಚ್ಚಳ ತೆಗೆಯಲ್ಲ.

ಕಷ್ಟ ಅಂದರೆ ಸಂಜೆ ಏಳರಿಂದ ಒಂಬತ್ತು.
ಆವಾಗ ಮೌಲಾಸಾಬ ಆಟೋ ತರ್ತಾನೆ,
ಖಾಜಾಬೀಯ ಗಂಡ, ಅದೇ ಬೆಂಚಿನ ಹಳೇ ಗಿರಾಕಿ.
ಸರ್ಕಲ್ ತಪ್ಪಿಸಿ, ಕೋಟೆ ಬೆಟ್ಟದ ಮಗ್ಗುಲಿಗೆ ಹಾಯ್ದು
ಮಿರ್ಚಿ ಮಂಡಕ್ಕಿ ಮುಂದೆ ಕೂರಿಸ್ತಾನೆ.
ಕುಡಿತದ ಮಾತೇ ಎತ್ತಲ್ಲ ಮಾರಾಯ,
ಎರಡು ತಾಸು ಬರೀ ಕಾರ್ಬುರೇಟರಿನ ಮಾತು.
ಹಗಲೆಲ್ಲ ಬಿಸಿಲುಂಡ ಬಂಡೆ
ಕತ್ತಲಾಗೆ ನಮ್ಮ ಕಡೆ ಕಾವು ಬಿಡ್ತಿರತೈತೆ,
ಮೆಣಸಿನಕಾಯಿ ನಾಲಿಗೆ ಸುಡತೈತೆ,
ಅವನು ನೀರಿನ ಲೋಟ ನೂಕ್ತಾನೆ.

ನಾಕು ಗೆರೆಗೆ ಇಳಿದಿತ್ತು.
ಸಿರುಗುಪ್ಪದಾಗೆ ಅಳಿಯನ ಮದುವೆ.
ನಡುರಾತ್ರಿ ಬಂದು ನಾನೇ ಎಳೆದೆನಂತೆ, ಒಂಬತ್ತು ಗೆರೆ,
ಒಂದು ಚಿಲಕದ ಮೇಲೆ ಹತ್ತಿತ್ತು,
ಒಂದು ಬಾಗಿಲು ದಾಟಿ ಗೋಡೆಗೆ ಹೋಗಿತ್ತು.

ಬೆಳಿಗ್ಗೆ ಒದ್ದೆ ಬಟ್ಟೆ ಹಿಡಿದು ನಿಂತೆ.
ತಾಯಮ್ಮ ಕೈ ಹಿಡಿದಳು.
ಇಪ್ಪತ್ತು ವರ್ಷದ ಬೈಗುಳ ಒಟ್ಟಿಗೇ ಬರತೈತೆ ಅಂತ ಕಾದೆ.
"ಇರಲಿ. ಒರೆಸಿದರೆ ನಾಳೆ ಎಲ್ಲಿಂದ ಎಣಿಸ್ತಿ?"

ಈಗ ಎರಡು. ಒಂದೊಂದು ದಿನ ಮೂರು.
ಹೋದ ಸೋಮವಾರ ಏನೂ ಇರಲಿಲ್ಲ,
ತಾಯಮ್ಮ ಹೋಗ್ತಾ ಬರ್ತಾ ಆ ಖಾಲಿ ಜಾಗ
ಮುಟ್ಟಿ ಮುಟ್ಟಿ ನೋಡಿದಳು, ಬಣ್ಣ ಹಸಿ ಐತೇನೋ ಅನ್ನೋ ಹಂಗೆ.

ಇವತ್ತು ಮತ್ತೆ ನಲವತ್ತು ಪದರ ಹಾಸಿದ್ದೆ.
ಕೈ ನಡುಗಲೇ ಇಲ್ಲ ಅಂತ ಹೇಳಲ್ಲ.
ಖಾಜಾಬೀ ಬಟ್ಟೆಯ ಆ ತುದಿ ಒತ್ತಿ ಹಿಡಿದಿದ್ದಳು.

ಏಳಕ್ಕೆ ಐದು ನಿಮಿಷ.
ಬ್ರೂಸ್‌ಪೇಟೆ ಕಡೆಯಿಂದ ಆಟೋ ಕೆಮ್ಮತಾ ಬರೋ ಸಪ್ಪಳ.
ಕಾರ್ಬುರೇಟರು ಇನ್ನೂ ಸರಿ ಆಗಿಲ್ಲ.
ಸೀಮೆಸುಣ್ಣ ಜೇಬಿಗೆ ಹಾಕಿಕೊಂಡು ಎದ್ದೆ.