ಎರಡೂ ಬದಿ

ದಾವಲಸಾಬ ಚೀಲದಾಗಿಂದ ತಗದು
ನನ್ನ ಬಣ್ಣದ ಮಣಿ ಮ್ಯಾಲ ಇಟ್ಟ.
ಎದಿ ಧಸಕ್ಕಂತು.
'ಅಂಜಬ್ಯಾಡಬೇ, ಆಟದ್ದು' ಅಂದ,
'ಹೊಡದ್ರ ಪ್ಲಾಸ್ಟಿಕ್ ಕಾಳು ಬರ್ತಾವು,
ಸಾಬೂದಾಣಿಯಷ್ಟ.'

ಆದ್ರ ಭಾರ ಖರೇದರ ಭಾರ.
ಮೂತಿ ಕರ್ರಗ, ಕುದುರಿ ತಣ್ಣಗ,
ಹೊಟ್ಟಿ ಮ್ಯಾಲ ಯಾವುದೋ ದೇಶದ ಅಕ್ಷರ.

ಗಂಗಾವತಿ ಅಕ್ಕಿ ಮಿಲ್ಲಿನ ಸಾವುಕಾರ
ಕೊರಿಯರ್‌ನಾಗ ತರಿಸಿದ್ದಂತ.
ಲೈಸನ್ಸಿನ ಬಂದೂಕಿಗೆ ಅಲೆದಾಟ ಬಾಳ,
ಇದಕ್ಕ ಬರೇ ಬಿಲ್ಲು.
ರಾತ್ರಿ ಗೇಟಿನಾಗ ಇವನ ಹೆಗಲಿಗೆ ಇದ್ರ
ನೆಲ್ಲಿನ ಚೀಲ ತಮ್ಮನ್ನ ತಾವ ಕಾಯ್ಕೋತಾವಂತ.

ಹೋದ ಅಮಾಸಿ, ಗಸ್ತಿನ ಜೀಪು.
ಬ್ಯಾಟರಿ ಬೆಳಕು ಮೊದಲ ಬಂದೂಕಿನ ಮ್ಯಾಲ ಬಿತ್ತು,
ಮಾರಿ ಮ್ಯಾಲ ಆಮ್ಯಾಲೆ.
'ಕೆಳಗ ಹಾಕೋ' ಅಂದಾವನ ಕೈಯಾಗಿಂದು
ಖರೇನ ಇತ್ತು.
ಇವ ಹಾಕಿದ. ನಡುಗೂದು ನಿಂತಿದ್ದು
ಮುಂಜಾನಿ ನಮಾಜಿನ ಹೊತ್ತಿಗೆ.

ಸಾಹೇಬರು ಕೇಸು ಮಾಡಲಿಲ್ಲ, ಒಳ್ಳೇವ್ರು.
ಗೋಡಿ ದಾಟಿಸಿದ್ರ ಚೀಲದಾಗ ಮುಚ್ಚಿ ಒಯ್ಯು ಅಂದ್ರಂತ.
ಮತ್ತ ಅರ್ಧಕ್ಕಿಂತ ಹೆಚ್ಚು ಬಣ್ಣ ಹಚ್ಚಿಸು,
ಹತ್ತು ಮಾರು ದೂರದಾಗ ನಿಂತ ಕೂಸಿಗೂ
ಇದು ಸುಳ್ಳು ಅಂತ ತಿಳೀಬೇಕು.

ನಾನೇನು ಹೇಳ್ಲಿ.
ಈ ಕಿನ್ನಾಳದ ಓಣ್ಯಾಗ ಹುಟ್ಟಿ
ಹುಣಸಿಬೀಜದ ಅಂಟು ಕಲಸಿ
ಕಟ್ಟಿಗಿ ಬದನಿಕಾಯಿಗೆ ಮುಳ್ಳು ಬರದಾಕಿ.
ನಾ ಮಾಡಿದ ಪೇರಲಹಣ್ಣು ಬೀಗತಿ ಕಚ್ಚಿ
ಹಲ್ಲು ನೋಯಿಸ್ಕೊಂಡು
ಮೂರು ದಿನ ಮಾತು ಬಿಟ್ಟಿದ್ಲು.
ಸುಳ್ಳನ್ನ ಖರೆ ಮಾಡಿದ ಕೈಗೆ
ಸುಳ್ಳು ಸುಳ್ಳಂತ ಕಾಣೂಹಂಗ ಮಾಡು ಅಂದ್ರ
ಎಲ್ಲಿಂದ ಸುರು ಮಾಡೂದು?

ನಮ್ಮ ಬಣ್ಣ ತಗಡಿಗೆ ಹಿಡಿಯೂದಿಲ್ಲ.
ಮೊಮ್ಮಗನ್ನ ಕೊಪ್ಪಳಕ್ಕ ಕಳಿಸಿ
ಟ್ರ್ಯಾಕ್ಟರ್ ಡಬ್ಬಿಗೆ ಬಳಿಯೂ ಕಿತ್ತಳಿ ತರಿಸಿದೆ.
ಎರಡು ನೂರಾ ಹತ್ತು ರೂಪಾಯಿ,
ಸಾವುಕಾರ ಇನ್ನೂ ಕೊಟ್ಟಿಲ್ಲ.

ಉಪ್ಪುಕಾಗದ ತಿಕ್ಕೂವಾಗ
ದಾವಲಸಾಬ ಕಟ್ಟಿ ಮ್ಯಾಲ ಕುಂತು, ಸಣ್ಣ ದನಿಯಾಗ:
'ಅವ್ವಾ, ಒಂದ ಬದಿ ಹಚ್ಚು.
ಜೀಪು ಬರೂದು ಎಡಕಿಂದ,
ಕಳ್ಳರು ಬರೂದು ಬಲಕ್ಕ, ಕಾಲುವಿ ಕಡಿಂದ.'

ನಗು ಬಂತು. ನಗಲಿಲ್ಲ.
ಒಂಬತ್ತು ಸಾವಿರ ಪಗಾರದ ಮನಶಾ,
ಅವನ ಅಂಜಿಕಿಗೂ ಎರಡು ಬದಿ ಅದಾವ.
'ಎರಡೂ ಬದಿ' ಅಂದೆ.

ಗೊಂಬಿಗೆ ನಾವು ಕಡೀಕ ಕಣ್ಣು ಬರಿತೀವಿ,
ಬರದ ಮ್ಯಾಲ ಅದು ನಮ್ಮನ್ನ ನೋಡ್ತೈತಿ.
ಇದಕ್ಕ ಇರೂದು ಒಂದ ಕಣ್ಣು.
ಮೊದಲ ಅದನ್ನ ಬಳಿದೆ,
ತೂತಿನ ಸುತ್ತ, ಒಳಗ,
ಕಿರುಬಳ್ಳಿನ ತುದಿ ಹೋಗೂ ತನಕ.
ಆಮ್ಯಾಲ ಅದು ನೋಡೂದು ಬಿಡ್ತು.

ಮರುದಿನ ಒಣಗಿತ್ತು.
ಓಣಿ ಹುಡುಗ್ರು 'ಗಜ್ಜರಿ, ಗಜ್ಜರಿ' ಅಂತ ಕುಣದ್ರು.
ದಾವಲಸಾಬ ಹೆಗಲಿಗಿಟ್ಟು ನೋಡಿದ, ಇಳಿಸಿದ.
'ಇನ್ನ ಇದನ್ನೂ ನಾನ ಕಾಯಬೇಕು' ಅಂದ.

ಹೊಂಟಾವ ನಿಂತು ಕಿಸೇದಾಗಿಂದ ಒಂದು ಹಾಳಿ ತಗದ.
ಠಾಣೇಕ ಕೊಡಬೇಕಂತ:
ಯಾವ ಬಣ್ಣ, ಯಾವ ದಿನ,
ಹಚ್ಚಿದವರ ಸಹಿ.

ನಲವತ್ತೊಂದು ವರ್ಷ.
ಗೌರವ್ವ, ಗರುಡ, ತೊಟ್ಟಲದ ಗಿಳಿ,
ಬೀಗತಿ ಕಚ್ಚಿದ ಪೇರಲ,
ಯಾವುದರ ತಳಕ್ಕೂ ಹೆಸರು ಬರದಿಲ್ಲ.
ಯಾರೂ ಕೇಳಿರಲಿಲ್ಲ.

ಸೂಜಿಯಂಥಾ ಕುಂಚ ಕಿತ್ತಳ್ಯಾಗ ಅದ್ದಿದೆ.
ಜಾನಕವ್ವ ಚಿತ್ರಗಾರ, ಕಿನ್ನಾಳ.

'ಪೆನ್ನು ಬೇಕಿತ್ತೇನೋ' ಅಂದ ದಾವಲಸಾಬ.
ಮತ್ತ ಹಾಳಿ ಗಾಳಿಗೆ ಹಿಡದು
ಒಣಗೂ ತನಕ ನಿಂತ.